ಮರ ಬೀಳದ ಕಡೆ
ನಮ್ಮ ಹೊಸ ಊರಿಗೆ ಮರ ಕಡಿಯುವವರು ಒಬ್ಬರೇ, ಅವರಿಗೆ ಗಾಬರಿಯೇ ಅರ್ಧ ಕಸುಬು. ಕಾಡು ಸವರಿ ನಾವು ಕಟ್ಟಿಕೊಂಡ ಮನೆಗಳ ಕಂಬ, ತೊಲೆಗಳೆಲ್ಲ ಬಂದದ್ದು ಅವರ ಕೊಡಲಿಯಿಂದಲೇ. ಆದರೂ ಒಂದು ಏಟು ಹಾಕುವ ಮುನ್ನ ಮರದ ಸುತ್ತ ಹತ್ತು ಸಲ ತಿರುಗುತ್ತಾರೆ, ಮೇಲೆ ನೋಡಿ ನೋಡಿ ಕತ್ತು ಹಿಡಿದುಕೊಂಡು ನರಳುತ್ತಾರೆ, ಗಾಳಿ ಎತ್ತ ಬೀಸುತ್ತಿದೆ ಎಂದು ದಾರಿಹೋಕರನ್ನೆಲ್ಲ ಕೇಳುತ್ತಾರೆ. "ಒಂದಕ್ಕೊಂದು ಆಸರೆಯಾಗಿ ಬೆಳೆದದ್ದು ಕಣಮ್ಮಾ, ಪಕ್ಕದವು ಹೋದ ಮೇಲೆ ಯಾವುದನ್ನೂ ನಂಬೋ ಹಾಗಿಲ್ಲ" ಎನ್ನುತ್ತಾರೆ, ಪಕ್ಕದವನ್ನು ಕಡಿದವರು ಬೇರೆ ಯಾರೋ ಎಂಬಂತೆ. ಮರ ಈ ಕಡೆ ಬೀಳುವುದಿಲ್ಲ ಎಂದರೆ ಜನ ನಂಬಬೇಕಲ್ಲ. ಅದಕ್ಕೆ ಹೆಂಡತಿಯನ್ನೇ ಕರೆತಂದು ಅಲ್ಲಿ ನಿಲ್ಲಿಸುತ್ತಾರೆ. "ಇಷ್ಟು ಮರ ಕೆಡವಿದ್ರೂ ಇವರಿಗೆ ನನ್ನಿಂದ ಬಿಡುಗಡೆ ಸಿಕ್ಕಿಲ್ಲ ನೋಡಿ" ಎಂದು ಆಕೆ ನಗುತ್ತಾರೆ, ನಾವೆಲ್ಲ ಧೈರ್ಯವಾಗಿ ಆಕೆಯ ಪಕ್ಕ ನಿಲ್ಲುತ್ತೇವೆ. ಇವತ್ತು ನಮ್ಮ ಮನೆಯತ್ತ ವಾಲಿರುವ ಒಂಟಿ ಮರದ ಸರದಿ. ತೊಟ್ಟಿಲು, ಪಾತ್ರೆಗಳನ್ನು ಹೊರಗೆ ಸಾಗಿಸಿ, ಮಗುವನ್ನು ಎತ್ತಿಕೊಂಡು, "ನಾವೆಲ್ಲಿ ನಿಲ್ಲೋಣ ಅಣ್ಣಾ?" ಎಂದೆ. ಅವರು ಹೆಂಡತಿಯ ಕಡೆ ತಿರುಗಿ, "ನೀನು ಇವತ್ತು ಇಲ್ಲಿ ಬೇಡ. ಇವರನ್ನ ಕರ್ಕೊಂಡು ಹಳ್ಳ ದಾಟಿ ಹೋಗಿಬಿಡು" ಎಂದರು. ಆಕೆ ನನ್ನ ಮಗುವಿಗೆ ಕೈ ಚಾಚಿದರು.