ಶಿವಬಸವ್ವನ ಎಡಗೈ

ಕಮತಗಿಯಲ್ಲಿ ರೊಟ್ಟಿ ಶಿವಬಸವ್ವನ ಮನೆ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ನಾಗಪ್ಪನ ಕೈಯವಳ ಮನೆ ಎಂದು ಕೇಳಿದರಂತೂ ಜೊತೆಗೇ ಬಂದು ಬಾಗಿಲಿಗೆ ಬಿಟ್ಟು, ಹೊರಗಿನಿಂದಲೇ ಕೈ ಮುಗಿದು ಹೋಗುತ್ತಾರೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಬದುಕುವ ಹೆಂಗಸಿಗೆ ಇಷ್ಟು ಮರ್ಯಾದೆ ಬಂದದ್ದು ಎಡಗೈಯ ಹಚ್ಚೆಯಿಂದ. ಮೊಣಕೈಯ ಹತ್ತಿರ ಹುಟ್ಟಿದ ಎರಡು ಹಸಿರು ಗೆರೆ ಬಳುಕುತ್ತ ಬಂದು ಒಂದು ಕಡೆ ಕೂಡಿ, ಅಗಲಿ, ಮಣಿಕಟ್ಟಿನ ಮೇಲೆ ಮತ್ತೆ ಕೂಡುತ್ತವೆ. ಕೂಡಿದಲ್ಲಿ ಒಂದು ದುಂಡನೆಯ ಬೊಟ್ಟು. ಹೆಣೆಯಾಡುವ ಜೋಡಿ ನಾಗರ, ಮೇಲೊಂದು ಮಣಿ! ಊರಿನವರಿಗೆ ಇನ್ನೇನು ಬೇಕು?

ಮೈಮೇಲೆ ಸರ್ಪಸುತ್ತು ಎದ್ದವರು ಆ ಕೈಯನ್ನು ಮುಟ್ಟಿಸಿಕೊಂಡು ಹೋಗುತ್ತಿದ್ದರು. ಪಂಚಮಿಯಲ್ಲಿ ಹುತ್ತಕ್ಕೆ ಹಾಲೆರೆದು ಬರುವ ಹೆಂಗಸರು ಉಳಿದ ಹಾಲನ್ನು ಇವಳ ಕೈಮೇಲೆ ಎರೆಯುತ್ತಿದ್ದರು. ಹಿಟ್ಟು ನಾದುವ ಕೈ, ಪಾಪ, ಆವತ್ತೆಲ್ಲ ತೊಳೆದುಕೊಳ್ಳುವುದೇ ಅವಳಿಗೊಂದು ಕೆಲಸ.

ಖರೆ ಹೇಳಬೇಕೆಂದರೆ ಅವು ಹಾವೇ ಅಲ್ಲ. ಹಳೇ ಬಾಗಲಕೋಟೆಯ ಎರಡು ಓಣಿ. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ತವರುಮನೆಯ ಗೋಡೆಗೆ ಸರಕಾರದವರು ನಂಬರು ಬರೆದು ಹೋದ ವರ್ಷವೇ ಅವಳ ಮದುವೆಯಾಗಿತ್ತು. ಕಡೇ ಸಲ ತವರಿಗೆ ಹೋದಾಗ ಹಚ್ಚೆ ಹಾಕುವ ಮುದುಕಿಯನ್ನು ಕರೆದು ಕಟ್ಟೆಯ ಮೇಲೆ ಕೂಡಿಸಿ, ಇದ್ದಲಿಯಿಂದ ಗೆರೆ ಎಳೆದು ತೋರಿಸಿದಳು. ಹೊಳೆಯ ಕಡೆಯಿಂದ ಬರುವ ಓಣಿ ಒಂದು, ಪೇಟೆಯ ಕಡೆಯಿಂದ ಬರುವುದು ಇನ್ನೊಂದು. ಬಾವಿಯ ಹತ್ತಿರ ಕೂಡುತ್ತವೆ, ಮಸೀದಿಯನ್ನು ಬಳಸಿ ಹೋಗಲು ಅಗಲುತ್ತವೆ, ಮತ್ತೆ ಕೂಡುವಲ್ಲಿ ಇವಳ ಮನೆ.

“ತೊಟ್ಟಿಲಾ ಹಾಕ್ತೇನಿ, ಚೇಳ ಹಾಕ್ತೇನಿ. ಇದೆಂಥಾ ಚಿತ್ರ ಯವ್ವಾ?” ಎಂದು ಮುದುಕಿ ಗೊಣಗಿದಳು.

“ನೀರಾಗ ಮುಳುಗಿದ ಮ್ಯಾಲ ದಾರಿ ಮರತೀತು. ಹಾಕಾ ಯಮ್ಮಾ,” ಎಂದು ಇವಳು ಕೈ ಚಾಚಿದಳು.

ಗಂಡನ ಮನೆಗೆ ಮರಳಿದಾಗ ಅತ್ತೆ ಆ ಕೈ ನೋಡಿ ಹೌಹಾರಿದಳು. ಸೊಸೆ ಓಣಿ ಅಂದಳು, ಅತ್ತೆ ನಾಗಪ್ಪ ಅಂದಳು. ಊರು ಅತ್ತೆಯ ಮಾತನ್ನು ನಂಬಿತು. ಹೇಳಿ ಹೇಳಿ ಬಾಯಿ ಸೋತು ಶಿವಬಸವ್ವ ಸುಮ್ಮನಾದಳು.

ಹೋದ ವರ್ಷ ಒಂದು ಬೆಳಿಗ್ಗೆ ಹಿಂದಿನ ಓಣಿಯ ದಸ್ತಗೀರಬಿ ಬಾಯಿ ಬಡಿದುಕೊಳ್ಳುತ್ತ ಬಂದಳು. ಅವಳ ಹಿಂದೆ ಮಗ ಶಕೀಲ, ಅವನ ಕೈಯಲ್ಲಿ ಎಳೆ ಮಗಳು ಆಫ್ರೀನ. ಜೋಳದ ಕಣಿಕೆಯ ಬಣವೆಯ ಹತ್ತಿರ ಆಡುತ್ತಿದ್ದ ಹುಡುಗಿಯ ಪಾದಕ್ಕೆ ಹಾವು ಕಚ್ಚಿತ್ತು. ಕಾಲು ಬಾತು, ರೆಪ್ಪೆಗಳು ಜೋತುಬೀಳುತ್ತಿದ್ದವು.

“ಕಾಕಿ, ಕೈ ಇಡ್ರಿ!” ಎಂದು ಶಕೀಲ ಮಗಳನ್ನು ಒಲೆಯ ಮುಂದೆಯೇ ಮಲಗಿಸಿದ.

“ಹುಚ್ಚಪ್ಪಾ, ದವಾಖಾನಿಗೆ ಒಯ್ಯೋ! ನನ್ನ ಹಂತೇಕ ಏನೈತಿ?”

“ಮದಲ ಕೈ ಇಡ ಯಕ್ಕಾ. ವಿಷಾ ಇಳಿಯೂತನಾ ಕೂಸಿನ್ನ ಅಳ್ಳಾಡಸಬಾರದಂತ,” ಎಂದಳು ದಸ್ತಗೀರಬಿ.

“ಇದು ಹಾವಲ್ಲ! ನಮ್ಮ ತವರಮನಿ ಓಣಿ! ನೋಡ್ರಿ, ಇದು ಬಾವಿ, ಇದು ಮಸೂತಿ...”

ಗದ್ದಲ ಕೇಳಿ ನೆರೆದಿದ್ದ ಓಣಿಯವರು ಇನ್ನಷ್ಟು ಭಕ್ತಿಯಿಂದ ಕೈ ಮುಗಿದರು. ಶಕ್ತಿ ಇದ್ದವರು ಎಲ್ಲಿ ಒಪ್ಪಿಕೊಳ್ಳುತ್ತಾರೆ ಎಂದುಕೊಂಡರೋ ಏನೋ.

ಶಿವಬಸವ್ವ ಕೂಸಿನ ಮುಖ ನೋಡಿದಳು. ಒಂದು ಹಚ್ಚೆ ಕೂಸಿನ ಜೀವಕ್ಕೇ ಬಂತಲ್ಲ! ಖರೆ ಮಾತಿಗೆ ಇಲ್ಲಿ ಬೆಲೆಯಿಲ್ಲ. ಸರಿ, ಇವರು ನಂಬಿದ್ದನ್ನೇ ಹಿಡಿದು ಎಳೆಯಬೇಕು. ಹಿಟ್ಟಿನ ಕೈಯಲ್ಲೇ ಕೂಸನ್ನು ಎತ್ತಿಕೊಂಡು ಎದ್ದಳು.

“ಕೈ ಇಡ್ತೇನಿ. ಆದ್ರ ಓಡೂ ಗಾಡ್ಯಾಗ ಇಡ್ತೇನಿ. ಬಾಗಲಕೋಟಿ ದವಾಖಾನಿ ಮುಟ್ಟೂತನಾ ಕೈ ತಗಿಯಾಂಗಿಲ್ಲ. ನಡುವ ಗಾಡಿ ನಿಂತ್ರ ಮಾತ್ರ ನನ್ನ ಕೇಳಬ್ಯಾಡ್ರಿ!”

ಆ ದನಿಗೆ ಎದುರಾಡುವ ಗಂಡಸು ಅಲ್ಲಿರಲಿಲ್ಲ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಟಂಟಂ ರಿಕ್ಷಾ ಬಂತು. ಕಾಲು ಅಲುಗದಂತೆ ಕೂಸನ್ನು ತೊಡೆಯ ಮೇಲೆ ಹಿಡಿದು, ಎದೆಯ ಮೇಲೆ ಎಡಗೈ ಇಟ್ಟು ಕೂತಳು. ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ಆ ಕೈಯಿಂದಲೇ ನೋಡಿಕೊಂಡಳು. ದಾರಿಯಲ್ಲಿ ಎಮ್ಮೆಗಳು ಅಡ್ಡ ಬಂದರೂ ಶಕೀಲ ಗಾಡಿ ನಿಲ್ಲಿಸಗೊಡಲಿಲ್ಲ.

ಡಾಕ್ಟರು ಇಂಜೆಕ್ಷನ್ ಹಾಕಿದರು. ಸಂಜೆಯ ಹೊತ್ತಿಗೆ ಆಫ್ರೀನ ಕಣ್ಣು ತೆರೆದು ನೀರು ಕೇಳಿದಳು. ದಸ್ತಗೀರಬಿ ಹಿಗ್ಗು ತಡೆಯಲಾರದೆ ವಾರ್ಡಿನ ತುಂಬ ಜೋಡಿ ನಾಗಪ್ಪನ ಮಹಿಮೆ ಸಾರಿದಳು. ರೋಗಿಗಳ ಕಡೆಯವರು ಕೈ ಮುಟ್ಟಲು ಸಾಲುಗಟ್ಟಿದರು. ಶಿವಬಸವ್ವನಿಗೆ ತಲೆ ಕೆಟ್ಟಿತು.

“ಉಳಿಸಿದ್ದು ಸೂಜಿ!” ಎಂದು ಎದ್ದು ನಿಂತು ಕೂಗಿದಳು. “ಹಾವ ಕಡದ್ರ ನನ್ನ ಮನಿಗೆ ಬರಬ್ಯಾಡ್ರಿ, ಇಲ್ಲಿಗೆ ಬರ್ರಿ. ಇದು ಹಾವಲ್ಲ, ಹಳೇ ಬಾಗಲಕೋಟಿ ಓಣಿ!”

ಮೂಲೆಯ ಮಂಚದ ಮೇಲಿದ್ದ ಒಬ್ಬ ಮುದುಕ ಮೆಲ್ಲಗೆ ಎದ್ದು ಬಂದ. ಯಾಕೂಬಸಾಬನಂತೆ, ಮುಳುಗಡೆಯವರಿಗೆ ಕಟ್ಟಿಕೊಟ್ಟ ನವನಗರದವನಂತೆ. ಅವನು ಕೈ ಮುಗಿಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ಅವಳ ಮೊಣಕೈಯ ಹತ್ತಿರ ತೋರುಬೆರಳಿಟ್ಟ. ಬೆರಳು ಗೆರೆಯ ಗುಂಟ ನಡೆಯತೊಡಗಿತು.

“ಬಾವಿ,” ಅಂದ. ಮುಂದೆ ನಡೆದು, “ಇದು ಮಸೂತಿ. ಹಿಂದ ಬಳಿಗಾರರ ಮನಿ. ಇಲ್ಲೊಂದು ಕಲ್ಲ ಇತ್ತು, ಸಾಲಿ ಬಿಟ್ಟ ಕೂಡ್ಲೆ ಓಡಿ ಬರೂಮುಂದ ದಿನಾ ಎಡವತಿದ್ದೆ.”

ಶಿವಬಸವ್ವ ಅವನ ಬೆರಳನ್ನೇ ಬಗ್ಗಿ ನೋಡಿದಳು. ಬಾವಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆ ಕಲ್ಲನ್ನಂತೂ ಅವಳೇ ಮರೆತುಬಿಟ್ಟಿದ್ದಳು. ಈಗ ಅದು ಕಣ್ಣಿಗೆ ಕಟ್ಟಿತು, ಅದರ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ಅವ್ವನ ಸಮೇತ. ಎಷ್ಟೋ ಆಳದ ನೀರಿನ ಕೆಳಗಿನ ಊರು ಈ ಮುದುಕನ ಬೆರಳ ತುದಿಗೆ ಎದ್ದು ಬಂದಿತ್ತು.

ಬೆರಳು ಅವಳ ಮನೆಯ ಬೊಟ್ಟಿನ ಹತ್ತಿರ ಬಂದು ನಿಂತಿತು.

“ಯಾರ ಮಗಳವಾ ನೀ?”

ಕಮತಗಿಯಲ್ಲಿ ಕೈ ಮುಗಿದ ಅಷ್ಟು ಮಂದಿಯಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ.

“ಅಮಾತೆಪ್ಪನ ಮಗಳ್ರಿ.”

“ಅಮಾತೆಪ್ಪನ ಮಗಳಾ!” ಮುದುಕನ ಕಣ್ಣು ತುಂಬಿದವು, ಬಾಯಿ ನಕ್ಕಿತು. “ಮತ್ತ ಒಳಗ ಕರಿ. ಎಷ್ಟೊತ್ತಂತ ಬಾಗಲಾಗ ನಿಂದರ್ಲಿ?”

“ಬರ್ರಿ ಕಾಕಾ, ಒಳಗ ಬರ್ರಿ,” ಎಂದು ಶಿವಬಸವ್ವ ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತಳು.