ಸದ್ದಿಲ್ಲದ ಕಾರ್ಡು

ಮದುವೆ ವಿಡಿಯೋ ಎಡಿಟ್ ಮಾಡುವ ನನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಬೇಕಿತ್ತು. ಕಾರ್ಕಳದ ಅಂಗಡಿಯವರು ಎರಡು ಕಾರ್ಡು ಓಡಿಸಿ ತೋರಿಸಿದರು. ಚಿಪ್ ಮಾಡಿದ ಕಂಪನಿಯದೇ ಒಂಟಿ ಫ್ಯಾನಿನದ್ದು ಬಿಸಿಯೇರಿದಂತೆ ಮಿಕ್ಸಿಯ ಹಾಗೆ ಕಿರುಚಿತು. ಅದೇ ಚಿಪ್ಪಿಗೆ ಬೇರೆ ಕಂಪನಿಯವರು ಮೂರು ಫ್ಯಾನು ಕೂರಿಸಿದ್ದು ತಣ್ಣಗಿತ್ತು, ಸದ್ದೇ ಇಲ್ಲ! ಖಾತ್ರಿಗೆಂದು ಅಂಗಡಿಯ ಸೀಲಿಂಗ್ ಫ್ಯಾನನ್ನೂ ಆಫ್ ಮಾಡಿಸಿದೆ. ಆಗಲೂ ಇಲ್ಲ! "ಇದೇ ಕೊಡಿ, ಇದೇ!" ಎಂದೆ.

ಮರುದಿನ ಅವರೇ ಎರ್ಮಾಳಿನ ನಮ್ಮ ಮನೆಗೆ ಬಂದು ಜೋಡಿಸಿದರು.

"ಸದ್ದು ಉಂಟಾ?" ಉಸಿರು ಬಿಗಿಹಿಡಿದು ಕೇಳಿದೆ.

"ಎಂತ ಗೊತ್ತಾಗುವುದು ಮಾರಾಯ್ರೆ? ಈ ಕಡಲಿನ ಅಬ್ಬರಕ್ಕೆ ಆ ಮಿಕ್ಸಿಯಂಥದ್ದೂ ಕೇಳಲಿಕ್ಕಿಲ್ಲ."

ಹುಟ್ಟಿದಂದಿನಿಂದ ಅದರ ಬದಿಯಲ್ಲೇ ಮಲಗುವ ನನಗೆ, ಕಡಲಿಗೆ ಸದ್ದುಂಟೆಂದು ಗೊತ್ತಾದದ್ದು ಅವತ್ತೇ.