ಹುಲ್ಲಿನ ಮೇಲೆ ಗಿರಿಜಕ್ಕ

ಹುಲ್ಲು ಕಂಡರೆ ಸಾಕು, ಗಿರಿಜಕ್ಕ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದರು. ನನ್ನ ಗಂಡನ ಅಕ್ಕ, ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತರಾದ ಮೇಲೆ ಒಂದು ಜೂನ್‌ನಲ್ಲಿ ಕಡಲಾಚೆಯ ಟ್ರಾಯ್ ಊರಿನ ನಮ್ಮ ಮನೆಗೆ ಮೂರು ವಾರ ಬಂದಿದ್ದರು.

ಬಂದ ಎರಡನೇ ದಿನವೇ ಯಾರಿಗೂ ಹೇಳದೆ, ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎರಡು ಮೈಲಿ ನಡೆದು ಇಂಡಿಯನ್ ಅಂಗಡಿಯಿಂದ ಮೆಂತ್ಯಸೊಪ್ಪು ತಂದರು. ನಾನು ರೇಗಿದೆ. "ದೇವ್ರು ಕಾಲು ಕೊಟ್ಟಿದ್ದು ನಡ್ಯಾಕವಾ, ಬ್ರೇಕ್ ಒತ್ತಾಕಲ್ಲ," ಎಂದು ಸೊಪ್ಪು ಬಿಡಿಸಲು ಕೂತರು. ನನ್ನ ಹದಿನಾರು ವರ್ಷದ ಮಗಳು ನಿಧಿ ಬಿದ್ದು ಬಿದ್ದು ನಕ್ಕಳು. ನಾನು ಏನು ಕೇಳಿದರೂ "ಫೈನ್" ಎಂಬ ಒಂದೇ ಮಾತಿನಲ್ಲಿ ಮುಗಿಸುವ ಹುಡುಗಿ!

ಮರುವಾರ ನಾವು ಮೂವರೂ ಶಿಕಾಗೋಗೆ ಹೋದೆವು. ಐದು ಗಂಟೆ ಡ್ರೈವ್ ಮಾಡಿದವಳು ನಾನು. ಮ್ಯೂಸಿಯಮ್ಮಿಗೆ ಟಿಕೆಟ್ ಬುಕ್ ಮಾಡಿದವಳೂ ನಾನು. ಗಿರಿಜಕ್ಕನಿಗೆ ಪಾರ್ಕು ಸಾಕಿತ್ತು. ನಿಧಿಗೂ ಅದೇ ಬೇಕಾಯಿತು. ಮರುದಿನ ಬೆಳಗ್ಗೆ ಲಿಂಕನ್ ಪಾರ್ಕಿನಲ್ಲಿ ಶುರುಮಾಡಿ, ಸರೋವರದ ದಂಡೆ ಹಿಡಿದು, ಸಿಕ್ಕ ಸಿಕ್ಕ ಉದ್ಯಾನಗಳಲ್ಲಿ ಕೂತು ಎದ್ದು ಗ್ರ್ಯಾಂಟ್ ಪಾರ್ಕಿನವರೆಗೆ ನಡೆದೆವು. ಮುಂದೆ ಅವರಿಬ್ಬರು ಬರಿಗಾಲಲ್ಲಿ, ಹಿಂದೆ ನಾನು ಚಿತ್ರಾನ್ನದ ಡಬ್ಬಿ ಹೊತ್ತು.

"ಅತ್ತೆ, ಈ ಟ್ರೀಗೆ ಕನ್ನಡದಲ್ಲಿ ಏನು?"

"ನಮ್ಮೂರಾಗ ಇಲ್ಲದ ಗಿಡಕ್ಕ ನಾ ಎಲ್ಲಿಂದ ಹೆಸರು ತರ್ಲಿ? ನೀನ ಒಂದು ಇಡು."

ಕನ್ನಡ ಕ್ಲಾಸಿಗೆ ಪ್ರತಿ ಭಾನುವಾರ ಕರೆದೊಯ್ದರೂ ನನ್ನೊಡನೆ ಬಾಯಿ ಬಿಡದವಳು ಅಂದು ತಪ್ಪುತಪ್ಪಾಗಿ, ನಿಲ್ಲದೆ ಕನ್ನಡ ಆಡಿದಳು. ಮಧ್ಯಾಹ್ನ ಒಂದು ಮರದ ಕೆಳಗೆ ಗಿರಿಜಕ್ಕನ ತೊಡೆಯ ಮೇಲೆ ತಲೆಯಿಟ್ಟು ಏನೋ ಹೇಳುತ್ತಾ ಅತ್ತಳು. ನಾನು ಹತ್ತಿರ ಹೋದೆ. ಮಾತು ನಿಂತಿತು.

ಅವಳು ನೀರು ಕುಡಿಯಲು ಹೋದಾಗ ಕೇಳಿದೆ: "ಏನಂತೆ ಅವಳಿಗೆ?"

"ಆಕಿ ನನಗ ಹೇಳಿದ್ದು. ಆಕೀನ್ನ ಕೇಳು."

"ಮೂರು ವಾರಕ್ಕೆ ಬಂದವರು ನೀವು. ಹದಿನಾರು ವರ್ಷ ಸಾಕಿದವಳು ನಾನು!"

ಅವರು ಮುನಿಸಿಕೊಳ್ಳಲಿಲ್ಲ. "ಖರೇ ಐತಿ. ಆದ್ರ ನೀ ಆಕೀನ್ನ ಕಾರಿನಾಗ ಕೂಡಿಸಿಕೊಂಡು ಕೇಳ್ತೀ. ಅಲ್ಲಿ ತಪ್ಪಿಸಿಕೊಳ್ಳಾಕ ಜಾಗ ಎಲ್ಲೈತಿ? ಬಾಯಿ ಮುಚ್ಚಿಕೊಳ್ಳತಾಳ."

ನಾನು ಡಬ್ಬಿ ಎತ್ತಿಕೊಂಡು ಎದ್ದೆ. ಟ್ರಾಯ್ ತಲುಪುವವರೆಗೂ ಅವರೊಂದಿಗೆ ಮಾತಾಡಲಿಲ್ಲ. ಅವರು ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ನಿಧಿ ಅವರನ್ನು ಬಿಡಲೊಲ್ಲಳು. ನಾನು ಗಡಿಯಾರ ನೋಡುತ್ತಾ ನಿಂತಿದ್ದೆ. ಅದೇ ಕೊನೆಯ ಭೇಟಿ.

ಮುಂದಿನ ಭಾನುವಾರ ಕಾರಿನ ಕೀ ಮನೆಯಲ್ಲೇ ಬಿಟ್ಟು, "ಒಂದು ರೌಂಡ್ ಹೋಗಿಬರೋಣ ಬಾ" ಎಂದು ಮಗಳನ್ನು ಕರೆದೆ. ಒಂದು ಮೈಲಿ ನಡೆದೆವು. ನಾನು ಏನೂ ಕೇಳಲಿಲ್ಲ. ಆಮೇಲೆ ಅವಳೇ ಹೇಳಿದಳು: "ಅಮ್ಮ, ಈ ಇಡೀ ವರ್ಷ ನಾನು ಸ್ಕೂಲಲ್ಲಿ ಒಬ್ಬಳೇ ಲಂಚ್ ತಿಂದೆ. ಯಾರೂ ಕೂರಿಸ್ಕೊಳ್ಳಲ್ಲ."

ದಿನವೂ ಆ ಊಟ ಕಟ್ಟಿಕೊಟ್ಟವಳು ನಾನು. ಅವಳ ಕೈ ಹಿಡಿದುಕೊಂಡೆ. "ಅತ್ತೆಗೆ ಗೊತ್ತು," ಎಂದಳು. ಆ ಹೊತ್ತಿನಲ್ಲೂ ನನಗೆ ನಾಟಿದ್ದು, ಮೊದಲು ಅವರಿಗೆ ಹೇಳಿದಳು ಎಂಬುದು.

ಹೋದ ಚಳಿಗಾಲ ಗಿರಿಜಕ್ಕ ತೀರಿಕೊಂಡ ಸುದ್ದಿ ಬಂದಾಗ ನಿಧಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ನನಗೂ ಅಳು ಬಂದಿತ್ತು. ಆದರೂ ನನ್ನ ಮನಸ್ಸು, ನಾಚಿಕೆಯಿಲ್ಲದೆ, ಒಂದೇ ಮಾತು ಕೇಳುತ್ತಿತ್ತು: ನಾನು ಹೋದ ದಿನ ಇವಳು ಇಷ್ಟು ಅಳುತ್ತಾಳೆಯೇ?